ಓಗೊಡುವ ಫೈಲು

ನನ್ನ ಚಿಕ್ಕಮ್ಮ ಚಿಕ್ಕಪ್ಪ ಜಗಳವಾಡುವುದನ್ನು ನಿಲ್ಲಿಸಿದ ಮೇಲೆ ಆ ಮನೆಗೆ ಹೋಗಲು ನನಗೆ ಕಾಲೇ ಬರುತ್ತಿರಲಿಲ್ಲ. ಬೇರೆಯವರ ಮನೆಯಲ್ಲಿ ಜಗಳ ನಿಂತರೆ ನೆಮ್ಮದಿ. ಇವರ ಮನೆಯಲ್ಲಿ ಜಗಳವೇ ನೆಮ್ಮದಿ. ಕಿಟಕಿ ತೆರೆದಿಟ್ಟವರು ಯಾರು, ನಲ್ಲಿ ಸರಿಯಾಗಿ ತಿರುಗಿಸದೆ ಬಂದವರು ಯಾರು, ರೇಡಿಯೋ ಇಷ್ಟು ಜೋರಾಗಿ ಇಟ್ಟರೆ ಪಕ್ಕದ ಮನೆಯವರು ಏನಂದುಕೊಂಡಾರು, ಹೀಗೆ ಎದ್ದಾಗಿನಿಂದ ಮಲಗುವ ತನಕ ಇಬ್ಬರದೂ ನಡೆಯುತ್ತಲೇ ಇರುತ್ತಿತ್ತು. ಅಪ್ಪ ಅಮ್ಮ ಇಲ್ಲದ ನನ್ನನ್ನು ಸಾಕಿದವರು ಅವರೇ. ಆ ಜಗಳದ ಸದ್ದಿನಲ್ಲೇ ನಾನು ಪಾಠ ಓದಿದ್ದೇನೆ, ಹಾಯಾಗಿ ನಿದ್ದೆಯನ್ನೂ ಮಾಡಿದ್ದೇನೆ.

ಚಿಕ್ಕಪ್ಪನಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಕುರ್ಚಿಗಳಿಗೆ ಬೆತ್ತ ಹೆಣೆಯುವುದು ಅವರ ಕೆಲಸ. ಚಿಕ್ಕಮ್ಮ ಕಣ್ಣಿಲ್ಲದವರಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿಡುವ ಗ್ರಂಥಾಲಯದಲ್ಲಿ ಓದುಗಿಯಾಗಿದ್ದಳು. ಅವರಿಬ್ಬರ ಪರಿಚಯವಾದದ್ದೂ ಜಗಳದಿಂದಲೇ. ಒಂದು ಕಾದಂಬರಿಯನ್ನು ಕೇಳಿ ಮುಗಿಸಿದ ಚಿಕ್ಕಪ್ಪ ಕೋಲು ಊರಿಕೊಂಡು ಗ್ರಂಥಾಲಯಕ್ಕೆ ಬಂದು, "ಇದನ್ನ ಓದಿದ ಹೆಂಗಸು ನಡುವೆ ಒಂದು ಪುಟ ನುಂಗಿ ಹಾಕಿದ್ದಾರೆ, ಕಥೆ ಕೂಡ್ತಾ ಇಲ್ಲ" ಎಂದು ದೂರು ಕೊಟ್ಟರಂತೆ. ಚಿಕ್ಕಮ್ಮ ಪುಸ್ತಕ ತಂದು ಅವರ ಮುಂದಿನ ಮೇಜಿನ ಮೇಲೆ ಕುಕ್ಕಿ, "ನಾನು ನುಂಗಿಲ್ಲ, ಬರೆದ ಮಹಾನುಭಾವರೇ ಬರೆದಿಲ್ಲ" ಎಂದಳಂತೆ. ಮದುವೆಯಾಗಿ ಇಬ್ಬರ ತಲೆ ನೆರೆತರೂ ಆ ಪುಟದ ವಿಷಯ ಇತ್ಯರ್ಥವಾಗಿರಲಿಲ್ಲ.

ಆಮೇಲೆ ಚಿಕ್ಕಮ್ಮನ ಗಂಟಲಿನಲ್ಲಿ ಗಡ್ಡೆ ಬಂತು. ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಆಸ್ಪತ್ರೆಯಿಂದ ಬರುವಾಗ ಅವಳ ಕೈಗೆ ಒಂದು ಸ್ಲೇಟು ಬಂತು. ಬರೆದು ತೋರಿಸಿದರೆ ನಾನು ಓದುತ್ತೇನೆ, ಹಾಲಿನವನು ಓದುತ್ತಾನೆ, ಬೀದಿಯಲ್ಲಿ ಹೋಗುವವರೂ ಓದುತ್ತಾರೆ. ಓದಲಾಗದವರು ಒಬ್ಬರೇ, ಅವಳಿಗೆ ಮಾತಾಡಬೇಕಾಗಿದ್ದದ್ದು ಅವರೊಬ್ಬರ ಹತ್ತಿರವೇ.

ಚಿಕ್ಕಪ್ಪ ಬ್ರೈಲ್ ಕಲಿತವರಲ್ಲ, ಚಿಕ್ಕಂದಿನಲ್ಲಿ ಮರದ ಅಚ್ಚುಗಳನ್ನು ಮುಟ್ಟಿ ಅಕ್ಷರಗಳ ಆಕಾರವನ್ನಷ್ಟೇ ತಿಳಿದಿದ್ದರು. ಅವಳು ಅವರ ಅಂಗೈ ಮೇಲೆ ಬೆರಳಿನಿಂದ ಬರೆದು ನೋಡಿದಳು. ಬೆತ್ತ ಎಳೆದೆಳೆದು ಚಿಕ್ಕಪ್ಪನ ಅಂಗೈ ಹಲಗೆಯ ಹಾಗಾಗಿದೆ. 'ನೀರು' ಎಂದು ಬರೆದರೆ "ನೂರಾ? ಏನು ನೂರು?" ಎನ್ನುತ್ತಿದ್ದರು. ಅವಳು ಮತ್ತೆ ಬರೆದರೆ "ಊರಾ? ಯಾವ ಊರಿಗೆ ಹೊರಟೆ?" ಎನ್ನುತ್ತಿದ್ದರು. ಮೊದಮೊದಲು ಇಬ್ಬರೂ ನಕ್ಕರು. ಆಮೇಲೆ ಅವಳು ಕೈ ಬಿಟ್ಟು ಎದ್ದು ಹೋಗತೊಡಗಿದಳು.

ಮಾತಿನ ಚಿಕಿತ್ಸೆಯ ಡಾಕ್ಟರಮ್ಮ ಒಂದು ಟ್ಯಾಬ್ಲೆಟ್ ಕೊಟ್ಟರು. ಅದರ ಮೇಲೆ ಟೈಪ್ ಮಾಡಿದರೆ ಅದೇ ಮಾತಾಡುತ್ತದೆ. ಮೊದಲ ದಿನ ಚಿಕ್ಕಮ್ಮ 'ಊಟಕ್ಕೆ ಬನ್ನಿ' ಎಂದು ಟೈಪ್ ಮಾಡಿದಳು. ಟ್ಯಾಬ್ಲೆಟ್ಟಿನೊಳಗಿಂದ ಯಾರೋ ಇಸ್ತ್ರಿ ಹಾಕಿದಂಥ ದನಿಯ ಹೆಂಗಸು "ಊಟಕ್ಕೆ ಬನ್ನಿ" ಎಂದಳು. ಚಿಕ್ಕಪ್ಪ ದಡಬಡಿಸಿ ಎದ್ದು, ಪಂಚೆ ಸರಿಮಾಡಿಕೊಂಡು, "ಅಯ್ಯೋ, ಬನ್ನಿ ಬನ್ನಿ, ಕೂತ್ಕೊಳ್ಳಿ. ಇವಳು ಒಳಗಿದ್ದಾಳೆ, ಕರೀತೀನಿ" ಎಂದರು. ನನಗೆ ನಗು ತಡೆಯಲಾಗಲಿಲ್ಲ. ವಿಷಯ ತಿಳಿದ ಮೇಲೆ ಅವರೂ ನಕ್ಕರು. ಆದರೆ ಆಮೇಲೂ ಆ ದನಿ ಕೇಳಿದಾಗಲೆಲ್ಲ ಅವರ ಬೆನ್ನು ನೆಟ್ಟಗಾಗುತ್ತಿತ್ತು, ಮಾತಿಗೆ ಮರ್ಯಾದೆ ಬರುತ್ತಿತ್ತು. "ಆಗಲಿ, ಬರ್ತೀನಿ" ಎನ್ನುತ್ತಿದ್ದರು, ಬ್ಯಾಂಕಿನಲ್ಲಿ ಕೌಂಟರಿನ ಮುಂದೆ ನಿಂತ ಹಾಗೆ.

ಒಂದು ದಿನ ಚಿಕ್ಕಮ್ಮ ಸ್ನಾನಕ್ಕೆ ಹೋಗಿದ್ದಾಗ ಅವರು ನನಗೆ ಮೆಲ್ಲಗೆ ಹೇಳಿದರು: "ಅದು ಮಾತಾಡ್ದಾಗೆಲ್ಲ ನಿನ್ನ ಚಿಕ್ಕಮ್ಮ ರೂಮಿನಿಂದ ಎದ್ದು ಹೋದ ಹಾಗಾಗುತ್ತೆ ಕಣೇ. ಅವಳಿಗೆ ಹೇಳ್ಬೇಡ." ನಾನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಅವಳೇನು ದಡ್ಡಿಯೇ. ಟ್ಯಾಬ್ಲೆಟ್ ಬೀರುವಿನೊಳಗೆ ಸೀರೆಗಳ ಕೆಳಗೆ ಸೇರಿತು.

ಕೊನೆಗೆ ಉಳಿದದ್ದು ಚಪ್ಪಾಳೆ. ಒಂದು ಚಪ್ಪಾಳೆ ಎಂದರೆ ಬನ್ನಿ, ಎರಡು ಎಂದರೆ ನಿಲ್ಲಿ. ಅಷ್ಟರಲ್ಲೇ ಸಂಸಾರ ನಡೆಯುತ್ತಿತ್ತು. ಒಂದು ಬೆಳಗ್ಗೆ ಅವಳೇ ಕಪಾಟಿನ ಧೂಳು ಹೊಡೆಯಲು ಇಟ್ಟ ಸ್ಟೂಲು ನಡುಮನೆಯ ದಾರಿಯಲ್ಲೇ ಉಳಿದುಬಿಟ್ಟಿತ್ತು. ಚಿಕ್ಕಪ್ಪ ಸರಸರನೆ ಬರುತ್ತಿದ್ದರು. ಚಿಕ್ಕಮ್ಮ ಗಾಬರಿಯಲ್ಲಿ ಕೈ ತಟ್ಟಿದಳು. ಅಷ್ಟು ವರ್ಷ ಗ್ರಂಥಾಲಯದಲ್ಲಿ ಓದುವಾಗ ತಪ್ಪಿದರೆ ಒಂದೇ ಒಂದು ಚಪ್ಪಾಳೆ ಹೊಡೆಯುವುದು ಅವಳ ರೂಢಿ. ಆಮೇಲೆ ರೆಕಾರ್ಡಿಂಗಿನಿಂದ ಆ ಚೂರನ್ನು ಕತ್ತರಿಸಿ ತೆಗೆಯುವವರಿಗೆ ತಪ್ಪು ಎಲ್ಲಿದೆ ಎಂದು ಸುಲಭವಾಗಿ ಗೊತ್ತಾಗಲಿ ಅಂತ. ಆ ಹೊತ್ತಿನಲ್ಲಿ ಕೈಗೆ ಬಂದದ್ದು ಅದೇ ರೂಢಿ, ಒಂದೇ ಚಪ್ಪಾಳೆ. ಕರೆಯುತ್ತಿದ್ದಾಳೆ ಎಂದುಕೊಂಡು ಚಿಕ್ಕಪ್ಪ ಇನ್ನೂ ಬೇಗ ಹೆಜ್ಜೆ ಹಾಕಿದರು. ಸ್ಟೂಲಿಗೆ ಎಡವಿ ಬಿದ್ದು ಹಣೆ ಒಡೆಯಿತು, ಹೊಲಿಗೆ ಬಿತ್ತು.

ನಾನು ಆಸ್ಪತ್ರೆಗೆ ಓಡಿಹೋದಾಗ ಚಿಕ್ಕಮ್ಮ ಬೆಂಚಿನ ಮೇಲೆ ಕುಳಿತು ತನ್ನ ಎರಡೂ ಕೈಗಳನ್ನು ನೋಡಿಕೊಳ್ಳುತ್ತಿದ್ದಳು. ಮಡಿಲಲ್ಲಿದ್ದ ಸ್ಲೇಟಿನ ಮೇಲೆ, ನನ್ನನ್ನು ಕಾಣುವ ಮೊದಲೇ ಬರೆದಿಟ್ಟಿದ್ದಳು: 'ನಾನು ಕೂಗಬೇಕಾಗಿತ್ತು.'

ಅಲ್ಲಿಂದ ನೇರವಾಗಿ ಮಾತಿನ ಡಾಕ್ಟರಮ್ಮನ ಹತ್ತಿರ ಹೋದೆ. "ಆ ಯಂತ್ರ ಚಿಕ್ಕಮ್ಮನ ದನಿಯಲ್ಲೇ ಮಾತಾಡೋ ಹಾಗೆ ಮಾಡಕ್ಕಾಗಲ್ವಾ ಡಾಕ್ಟ್ರೇ?"

"ಆಗುತ್ತೆ," ಎಂದರು ಅವರು. "ಆಪರೇಷನ್ನಿಗೆ ಮುಂಚಿನ ರೆಕಾರ್ಡಿಂಗು ಬೇಕು. ಸ್ವಚ್ಛವಾಗಿರ್ಬೇಕು, ಸುತ್ತಮುತ್ತ ಗಲಾಟೆ ಇರ್ಬಾರ್ದು. ಬರೀ ಓದಿದ್ದಾದ್ರೆ ಯಂತ್ರನೂ ಪುಸ್ತಕ ಓದಿದ ಹಾಗೇ ಮಾತಾಡುತ್ತೆ. ನಗೋದು, ರೇಗೋದು, ಮನೆಮಾತು ಎಲ್ಲ ಇದ್ರೆ ಅವರ ಹಾಗೇ ಬರುತ್ತೆ."

ನಾನು ಮದುವೆಗಳ ವಿಡಿಯೋ ಎಡಿಟ್ ಮಾಡುವವಳು. ಕಂಡಕಂಡವರ ಮನೆಯ ಅತ್ತೆ, ನಾದಿನಿ, ಷಡ್ಡಕರ ದನಿಯೆಲ್ಲ ನನ್ನ ಕಂಪ್ಯೂಟರಿನಲ್ಲಿದೆ. ಸಾಕಿದವಳ ದನಿ ಮಾತ್ರ ಇಲ್ಲ. ಫೋನಿನಲ್ಲಿ ಹುಡುಕಿದೆ. ಸಿಕ್ಕಿದ್ದು ಮೂರು ತುಣುಕು, ಮೂರರಲ್ಲೂ ಹಿಂದೆ ಮಿಕ್ಸಿ ಓಡುತ್ತಿತ್ತು. ಇರಲಿ, ಗ್ರಂಥಾಲಯದಲ್ಲಿ ಕಪಾಟುಗಟ್ಟಲೆ ಇದೆಯಲ್ಲ ಎಂದುಕೊಂಡು ಅಲ್ಲಿಗೆ ಹೋದೆ.

ಕಪಾಟು ಇತ್ತು. ಡಿಸ್ಕುಗಳೂ ಇದ್ದವು, ಒಂದೊಂದರ ಬೆನ್ನ ಮೇಲೂ ಚಿಕ್ಕಮ್ಮನ ಹೆಸರಿತ್ತು. ಗ್ರಂಥಪಾಲಕಿ ಒಂದನ್ನು ಕಂಪ್ಯೂಟರಿಗೆ ಹಾಕಿ ತೋರಿಸಿದರು. ಪರದೆಯ ಮೇಲೆ ಒಂದು ಚಕ್ರ ತಿರುಗುತ್ತಾ ಕುಳಿತಿತು. "ಯಾರೂ ಕದ್ದು ನಕಲು ಮಾಡ್ಬಾರ್ದು ಅಂತ ಒಂದು ಕಂಪನಿಯವರು ಇದಕ್ಕೆ ಬೀಗ ಹಾಕಿ ಕೊಟ್ಟಿದ್ರು," ಎಂದರು ಅವರು. "ಪ್ರತಿ ಸಲ ತೆಗೆಯೋವಾಗ ಅದು ಅವರ ಆಫೀಸನ್ನ ಕೇಳುತ್ತೆ, ಅಪ್ಪಣೆ ಇದೆಯಾ ಅಂತ. ಕಂಪನಿ ಮುಚ್ಚಿ ಎಷ್ಟೋ ಕಾಲ ಆಯ್ತು. ಇದು ಇನ್ನೂ ಕೇಳ್ತಾನೇ ಇದೆ ನೋಡಿ." ನಾವಿಬ್ಬರೂ ಆ ಚಕ್ರವನ್ನು ನೋಡುತ್ತಾ ನಿಂತೆವು. ನನ್ನ ಸಿಟ್ಟು ನೆತ್ತಿಗೇರಿತು. ಕೈಯಲ್ಲಿ ಹಿಡಿದಿದ್ದೇನೆ, ಒಳಗೆ ಅವಳಿದ್ದಾಳೆ, ಆದರೂ ಕೇಳುವ ಹಾಗಿಲ್ಲ.

ಹೊರಡುವಾಗ ಗ್ರಂಥಪಾಲಕಿ ಒಂದು ಮಾತು ಹೇಳಿದರು. "ಓಗ್ ಮಾಸ್ತರರ ಹತ್ರ ಏನಾದ್ರೂ ಇರ್ಬಹುದು, ಕೇಳಿ ನೋಡಿ. ಕೂಗಿ ಕೇಳ್ಬೇಕು."

ಓಗ್ ಮಾಸ್ತರರು ಎಂದರೆ ಗ್ರಂಥಾಲಯದ ಹಳೆಯ ರೆಕಾರ್ಡಿಸ್ಟು. ಚಿಕ್ಕಮ್ಮ ಓದುತ್ತಿದ್ದಾಗ ಗಾಜಿನ ಆಚೆ ಕುಳಿತು ರೆಕಾರ್ಡ್ ಮಾಡಿ, ತಪ್ಪುಗಳನ್ನು ಕತ್ತರಿಸುತ್ತಿದ್ದವರು. ಧ್ವನಿಯನ್ನು ಫೈಲಿನಲ್ಲಿ ಕಟ್ಟಿಡಲು ನಾನಾ ಬಗೆಗಳಿವೆ, ಫಾರ್ಮ್ಯಾಟು ಅನ್ನುತ್ತಾರೆ. ಅವುಗಳಲ್ಲಿ ಓಗ್ ಎಂಬುದು ಒಂದು. ಅದಕ್ಕೆ ಯಜಮಾನರಿಲ್ಲ. ಅದನ್ನು ಹೇಗೆ ಕಟ್ಟಬೇಕು, ಹೇಗೆ ಬಿಚ್ಚಬೇಕು ಎಂಬುದನ್ನು ಮಾಡಿದವರೇ ಬರೆದು ಲೋಕಕ್ಕೆ ಬಿಟ್ಟುಕೊಟ್ಟಿದ್ದಾರೆ. ಮಾಸ್ತರರಿಗೆ ಇದರ ಹುಚ್ಚು. ಎಲ್ಲರೂ ಬೇರೆ ದಾರಿ ಹಿಡಿದಾಗಲೂ ಅವರು ಓಗ್ ಓಗ್ ಎಂದು ಜಪ ಮಾಡುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು.

ಅವರ ಮನೆಯ ಬಾಗಿಲಲ್ಲಿ ನಿಂತು ಗಂಟಲು ಹರಿಯುವ ಹಾಗೆ ಕೂಗಿದೆ. ಮಾಸ್ತರರು ಎದುರಿಗೇ ಕುಳಿತು ಪೇಪರ್ ಓದುತ್ತಿದ್ದರು, ತಲೆಯೆತ್ತಲಿಲ್ಲ. ಕಿವಿ ಪೂರ್ತಿ ಮಂದವಾಗಿತ್ತು. ಹೋಗಿ ಭುಜ ಮುಟ್ಟಿದಾಗ "ಓ!" ಎಂದು ಬೆಚ್ಚಿಬಿದ್ದರು. ಬಂದ ವಿಷಯವನ್ನು ಕಿವಿಯ ಹತ್ತಿರ ಅರಚಿ ಹೇಳಿದೆ.

"ಬೀಗ ಹಾಕಿದವನು ಕೀಲಿ ತಗೊಂಡು ಹೋದ, ಅಲ್ವಾ?" ಎಂದು ಅವರು ಖುಷಿಯಿಂದ ತೊಡೆ ತಟ್ಟಿದರು. "ಅವತ್ತೇ ಬಡ್ಕೊಂಡೆ. ಯಾರು ಕೇಳಿದ್ರು? ನೋಡಮ್ಮ, ಕರೆದ್ರೆ ನಾವು ಏನಂತೀವಿ? ಓ ಅಂತೀವಿ. ಓಗೊಡ್ತೀವಿ. ಅದಕ್ಕೇ ಅದು ಓಗ್. ಯಾರು ಕರೆದ್ರೂ ಓ ಅನ್ನೋ ಫೈಲು. ನಮ್ಮ ಮಾತು ಬಲ್ಲವರು ಯಾರೋ ಇಟ್ಟಿರೋ ಹೆಸರು ಅದು, ಬರೆದು ಕೊಡ್ತೀನಿ ಬೇಕಾದ್ರೆ."

ಹಾಗೇನೂ ಅಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಕಿವಿ ಕೇಳದವರ ಜೊತೆ ವಾದ ಮಾಡಿ ಗೆದ್ದವರುಂಟೇ. ಸುಮ್ಮನೆ ತಲೆಯಾಡಿಸಿದೆ.

ಅವರ ಹತ್ತಿರ ಇದ್ದದ್ದು ಪುಸ್ತಕಗಳಲ್ಲ. ಪುಸ್ತಕಗಳು ಬೀಗದ ಕಂಪನಿಗೆ ಹೋಗಿದ್ದವು. ಚಿಕ್ಕಮ್ಮ ತಪ್ಪಿ ಚಪ್ಪಾಳೆ ಹೊಡೆದಲ್ಲೆಲ್ಲ ಕತ್ತರಿಸಿ ತೆಗೆದಿದ್ದ ಚೂರುಗಳನ್ನು ಮಾತ್ರ ಎಸೆಯದೆ, ಒಂದರ ಹಿಂದೆ ಒಂದು ಅಂಟಿಸಿ, ಒಂದೇ ಉದ್ದನೆಯ ಓಗ್ ಫೈಲು ಮಾಡಿ ಮನೆಗೆ ತಂದಿಟ್ಟುಕೊಂಡಿದ್ದರು. ಅದಕ್ಕೆ 'ಸಿಪ್ಪೆ' ಎಂದು ಹೆಸರಿಟ್ಟಿದ್ದರು. "ಹಣ್ಣು ಗ್ರಂಥಾಲಯದ್ದು, ಸಿಪ್ಪೆ ನಂದು," ಎಂದರು. "ನಾಲಿಗೆ ಹೊರಳದಿದ್ರೆ ನಿನ್ನ ಚಿಕ್ಕಮ್ಮ ಬಯ್ತಿದ್ಲಲ್ಲ, ಲೇಖಕರನ್ನ, ನನ್ನನ್ನ, ಆ ಫ್ಯಾನನ್ನ! ಕಿವಿ ಸರಿ ಇದ್ದಾಗ ಬೇಜಾರಾದ್ರೆ ಅದನ್ನ ಹಾಕ್ಕೊಂಡು ಕೇಳ್ತಿದ್ದೆ."

ನಗು, ರೇಗು, ಮನೆಮಾತು. ಡಾಕ್ಟರಮ್ಮ ಕೇಳಿದ್ದು ಇದನ್ನೇ ತಾನೇ. "ಎಲ್ಲಿದೆ ಮಾಸ್ತರೇ?" ಎಂದು ಕೂಗಿದೆ. ಅವರು ಅಲಮಾರಿಯಿಂದ ಒಂದು ಹಾರ್ಡ್‌ಡಿಸ್ಕ್ ತಂದು ಕೊಟ್ಟರು. ಆಮೇಲೆ ಸ್ವಲ್ಪ ಆಚೀಚೆ ನೋಡಿ, "ಒಂದ್ಸಲ ಹಲ್ಲಿ ಓಡಿಸೋಕೆ ಹೋಗಿ ಮೇಲಿಂದ ಬಿದ್ದಿತ್ತು. ಹೆಚ್ಚೇನೂ ಆಗಿರ್ಲಿಕ್ಕಿಲ್ಲ" ಎಂದರು.

ಹೆಚ್ಚೇ ಆಗಿತ್ತು. ನನ್ನ ಕೆಲಸದ ಕೋಣೆಗೆ ತಂದು ಹಾಕಿದರೆ ಡಿಸ್ಕು ಕಟಕಟ ಎನ್ನುತ್ತಿತ್ತು, ಹಲ್ಲು ಕಡಿದ ಹಾಗೆ. ಓದಲು ಬಂದಷ್ಟನ್ನು ಓದಿ, ಬಾರದಲ್ಲಿ ಖಾಲಿ ಬಿಟ್ಟು ನಕಲು ಮಾಡುವ ಪ್ರೋಗ್ರಾಂ ಹಚ್ಚಿ ಬಿಟ್ಟೆ. ಅದು ಮುಗಿಯುವಷ್ಟರಲ್ಲಿ ನಾನು ಒಂದು ಪೂರ್ತಿ ಮದುವೆಯನ್ನು ಎಡಿಟ್ ಮಾಡಿದ್ದೆ. ಬಂದದ್ದು ಎರಡು ಫೈಲು. ಒಂದು ದೊಡ್ಡದು, ಸಿಪ್ಪೆ. ಇನ್ನೊಂದು ಚಿಕ್ಕದು, ಮಾಸ್ತರರು ಮೈಕು ಪರೀಕ್ಷೆ ಮಾಡಿದ್ದು.

ದುಡ್ಡು ಸುರಿದು ಕೊಂಡ ನನ್ನ ಎಡಿಟಿಂಗ್ ಸಾಫ್ಟ್‌ವೇರು ಎರಡನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಈ ಬಗೆಯ ಫೈಲಿಗೆ ಬೆಂಬಲವಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿತು. ಬೇಸತ್ತು ಚಿಕ್ಕ ಫೈಲನ್ನು ಎಳೆದು, ಪಕ್ಕದಲ್ಲಿ ತೆರೆದಿದ್ದ ಬ್ರೌಸರಿನ ಮೇಲೆ ಸುಮ್ಮನೆ ಹಾಕಿದೆ. ಆಗಷ್ಟೇ ಬಸ್ಸಿನ ಟಿಕೆಟು ಕಾದಿರಿಸಿದ ಅದೇ ಬ್ರೌಸರು. ಏನೂ ಕೇಳಲಿಲ್ಲ, ಯಾರ ಅಪ್ಪಣೆಗೂ ಕಾಯಲಿಲ್ಲ. "ಓ... ಓ... ಒಂದು, ಎರಡು, ಮೈಕು ಕೇಳಿಸ್ತಾ ಇದೆಯಾ?" ಎಂದು ಯೌವನದ ಮಾಸ್ತರರು ಕೋಣೆಯ ತುಂಬ ಮಾತಾಡಿದರು. ನಾನು ಕುರ್ಚಿಯಲ್ಲಿ ಹಿಂದಕ್ಕೆ ಸರಿದೆ. ಇವರು ಇದನ್ನು ರೆಕಾರ್ಡ್ ಮಾಡಿದಾಗ ಈ ಬ್ರೌಸರು ಹುಟ್ಟಿಯೇ ಇರಲಿಲ್ಲ. ಕಟ್ಟಿದವರು ಯಾರೋ, ಬಿಚ್ಚಿದವರು ಯಾರೋ, ಒಬ್ಬರ ಮುಖ ಒಬ್ಬರು ಕಂಡಿಲ್ಲ. ಆದರೂ ಮಾತು ತಪ್ಪಿರಲಿಲ್ಲ.

ದೊಡ್ಡ ಫೈಲು ಮಾತ್ರ ಬಾಯಿ ಬಿಡಲಿಲ್ಲ. ಯಾವುದರಲ್ಲಿ ಹಾಕಿದರೂ ಇದು ಧ್ವನಿಯೇ ಅಲ್ಲ ಎಂಬ ಉತ್ತರ ಬಂತು.

ಭಾನುವಾರ ಬೆಳಗ್ಗೆ ಬಾಗಿಲು ಹಾಕಿಕೊಂಡು ಕುಳಿತೆ. ಫೈಲಿನ ಹೊಟ್ಟೆಯೊಳಗೆ ಇರುವುದನ್ನು ಇದ್ದ ಹಾಗೇ ತೋರಿಸುವ ಒಂದು ಪುಟ್ಟ ಪ್ರೋಗ್ರಾಂ ಇದೆ, ಅದರಲ್ಲಿ ಸಿಪ್ಪೆಯನ್ನು ತೆರೆದೆ. ಮೊದಲಿಗೆ ಬರೀ ಸೊನ್ನೆ. ಪರದೆ ಉರುಳಿಸಿದಷ್ಟೂ ಸೊನ್ನೆ. ಡಿಸ್ಕು ಓದಲಾಗದೆ ಬಿಟ್ಟ ಜಾಗ ಅದು, ಫೈಲಿನ ತಲೆಯೇ ಹೋಗಿತ್ತು. ಕೈ ಸೋತು ಇನ್ನೇನು ಮುಚ್ಚಬೇಕು, ಅಷ್ಟರಲ್ಲಿ ಸೊನ್ನೆಗಳ ಕೊನೆಯಲ್ಲಿ ನಾಲ್ಕು ಅಕ್ಷರ ಕಂಡವು: ಓ, ಜಿ, ಜಿ, ಎಸ್. ಅದರ ನಂತರ ಅರ್ಥವಾಗದ ಅಂಕಿಗಳ ರಾಶಿ. ಸ್ವಲ್ಪ ಕೆಳಗೆ ಮತ್ತೆ ಅದೇ ನಾಲ್ಕು ಅಕ್ಷರ. ಮತ್ತೆ ಕೆಳಗೆ, ಮತ್ತೆ. ಎಲ್ಲಿಗೆ ಹೋಗಿ ನೋಡಿದರೂ ಇಷ್ಟಿಷ್ಟು ದೂರಕ್ಕೆ ಅವು ನಿಂತಿದ್ದವು.

ಇದೇನೆಂದು ಹುಡುಕಿದೆ. ಓಗ್ ಮಾಡಿದವರು ಬರೆದಿಟ್ಟ ವಿವರಣೆ ಇಂಟರ್‌ನೆಟ್ಟಿನಲ್ಲಿ ಬಹಿರಂಗವಾಗಿ ಬಿದ್ದಿತ್ತು, ಯಾರು ಬೇಕಾದರೂ ಓದಬಹುದು. ನಾನು ಗಡಿಬಿಡಿಯವಳು, ಮನೆಯಲ್ಲಿ ನನ್ನ ಅಡ್ಡಹೆಸರೇ ಗಡಿಬಿಡಿ. ಹೊಸ ಫೋನು ತಂದರೆ ಅದರ ಜೊತೆ ಬಂದ ಕಾಗದ ಬಿಚ್ಚಿ ನೋಡಿದವಳಲ್ಲ. ಅವತ್ತು ಒಂದಕ್ಷರ ಬಿಡದೆ ಓದಿದೆ, ಅರ್ಥವಾಗದ್ದನ್ನು ಮತ್ತೆ ಓದಿದೆ. ಧ್ವನಿಯನ್ನು ಸಣ್ಣ ಸಣ್ಣ ಪುಟಗಳಾಗಿ ಮಾಡಿ ಕಟ್ಟುತ್ತಾರಂತೆ. ಪ್ರತಿ ಪುಟದ ನೆತ್ತಿಯ ಮೇಲೂ ಆ ನಾಲ್ಕು ಅಕ್ಷರ. ಯಾಕೆಂದರೆ ಕೇಳುವವರು ಯಾವಾಗಲೂ ಮೊದಲಿನಿಂದಲೇ ಬರುತ್ತಾರೆಂದು ಹೇಳಲಾಗದು. ನಡುವೆ ಬಂದವರಿಗೆ, ದಾರಿ ತಪ್ಪಿದವರಿಗೆ, ಅರ್ಧ ಹಾಳಾದ ಫೈಲು ಸಿಕ್ಕಿದವರಿಗೆ ಇಲ್ಲಿಂದ ಹಿಡಿದುಕೋ ಎಂದು ತೋರಿಸಲು. ಪುಟಕ್ಕೊಂದು ಸಂಖ್ಯೆ. ಅದು ಯಾವ ಫೈಲಿಗೆ ಸೇರಿದ್ದು ಎಂಬ ಗುರುತು. ಪುಟ ಕೆಟ್ಟಿದೆಯೋ ಇಲ್ಲವೋ ಎಂದು ತಾಳೆ ನೋಡಲು ಒಂದು ಲೆಕ್ಕ.

ಯಾರೋ, ಎಲ್ಲೋ, ಎಷ್ಟೋ ವರ್ಷದ ಹಿಂದೆ ಕುಳಿತು, ಮುಂದೊಂದು ದಿನ ಯಾರ ಕೈಗೋ ಒಡೆದ ಫೈಲು ಸಿಗುತ್ತದೆ, ಅವರಿಗೆ ಏನು ಬೇಕಾದೀತು ಎಂದು ಯೋಚಿಸಿದ್ದಾರೆ. ಅವರಿಗೆ ನಾನು ಯಾರೆಂದು ಗೊತ್ತಿಲ್ಲ. ಹಲ್ಲಿ ಓಡಿಸುವ ಮಾಸ್ತರರು ಗೊತ್ತಿಲ್ಲ. ಬೆತ್ತ ಹೆಣೆಯುವ ಒಬ್ಬ ಮನುಷ್ಯ ಹೆಂಡತಿಯ ದನಿ ಇಲ್ಲದೆ ಕುಗ್ಗುತ್ತಿದ್ದಾನೆಂದು ಗೊತ್ತಿಲ್ಲ. ಆದರೂ ನಮ್ಮೆಲ್ಲರಿಗೆಂದೇ ಅದನ್ನು ಬರೆದು, ತೆಗೆದುಕೊಳ್ಳಿ ಎಂದು ಬಾಗಿಲು ತೆರೆದಿಟ್ಟು ಹೋಗಿದ್ದಾರೆ. ದೊಡ್ಡ ದೊಡ್ಡ ಕಟ್ಟಡಗಳನ್ನು ನೋಡಿ ನಾನು ಇಷ್ಟು ಬೆರಗಾದದ್ದಿಲ್ಲ.

ತಲೆ ಹೋದದ್ದಕ್ಕೆ ಏನು ಮಾಡುವುದು ಎಂಬುದಿನ್ನೂ ಉಳಿದಿತ್ತು. ಒಳಗಿನ ಧ್ವನಿಯನ್ನು ಬಿಚ್ಚುವ ಕೋಷ್ಟಕಗಳೆಲ್ಲ ತಲೆಯಲ್ಲೇ ಇರುತ್ತವೆ. ಅವಿಲ್ಲದಿದ್ದರೆ ಉಳಿದ ಪುಟಗಳು ಇದ್ದೂ ಇಲ್ಲದ ಹಾಗೆ. ವಿವರಣೆಯನ್ನು ಓದುತ್ತಾ ಓದುತ್ತಾ ಒಂದು ವಿಷಯ ಹೊಳೆಯಿತು. ಒಂದೇ ಯಂತ್ರದಲ್ಲಿ, ಒಂದೇ ಪ್ರೋಗ್ರಾಂನಲ್ಲಿ, ಒಂದೇ ರೀತಿ ಸಿದ್ಧಮಾಡಿಕೊಂಡು ರೆಕಾರ್ಡ್ ಮಾಡಿದ್ದರೆ ಆ ಕೋಷ್ಟಕಗಳೂ ಒಂದೇ ಆಗಿರುತ್ತವೆ. ಹಾಗಾದರೆ ಒಂದು ಫೈಲಿನ ತಲೆಯನ್ನು ಇನ್ನೊಂದಕ್ಕೆ ಎರವಲು ಕೊಡಬಹುದು.

ಮಾಸ್ತರರ ಮನೆಗೆ ಓಡಿದೆ. "ಮೈಕು ಪರೀಕ್ಷೆಗೂ ಸಿಪ್ಪೆಗೂ ಏನಾದ್ರೂ ಬದಲಾವಣೆ ಮಾಡಿದ್ರಾ?" ಎಂದು ಕಾಗದದ ಮೇಲೆ ದೊಡ್ಡದಾಗಿ ಬರೆದು ಅವರ ಮೂಗಿನ ಮುಂದೆ ಹಿಡಿದೆ.

ಅವರಿಗೆ ಅವಮಾನವಾದ ಹಾಗಾಯಿತು. "ನಾನಾ? ಬದಲಾವಣೆನಾ? ಒಂದ್ಸಲ ಸರಿ ಅನ್ನಿಸಿದ್ದನ್ನ ಯಾಕಮ್ಮ ಬದಲಾಯಿಸ್ಬೇಕು? ಕೆಲಸಕ್ಕೆ ಸೇರಿದ ದಿನ ಹೇಗಿಟ್ಟಿದ್ನೋ, ಬಿಟ್ಟ ದಿನಾನೂ ಹಾಗೇ!"

ಆ ಮೊಂಡುತನಕ್ಕೆ ಅಲ್ಲೇ ಅಡ್ಡಬೀಳಬೇಕೆನಿಸಿತು. ವಾಪಸು ಬಂದು ಚಿಕ್ಕ ಫೈಲಿನ ತಲೆ ಕತ್ತರಿಸಿ ದೊಡ್ಡ ಫೈಲಿಗೆ ಅಂಟಿಸಿದೆ. ಮಾಸ್ತರರ ತಲೆ, ಚಿಕ್ಕಮ್ಮನ ಮೈ, ಅವಳಿಗೆ ಗೊತ್ತಾದರೆ ನನ್ನನ್ನು ಉಳಿಸುವುದಿಲ್ಲ ಎಂದುಕೊಂಡೆ. ಹಾಕಿ ನೋಡಿದೆ. ಸದ್ದಿಲ್ಲ. ತಲೆಯ ಮೇಲಿನ ಗುರುತು ಚಿಕ್ಕ ಫೈಲಿನದಾಗಿತ್ತು, ಅದನ್ನು ದೊಡ್ಡದರ ಗುರುತಿಗೆ ಬದಲಿಸಿದೆ. ಆದರೂ ಸದ್ದಿಲ್ಲ. ಮೇಜಿಗೆ ಗುದ್ದಿದೆ. ಹೋಗಿ ಮುಖ ತೊಳೆದು, ಟೀ ಕುಡಿದು, ಮತ್ತೆ ವಿವರಣೆ ಓದಿದಾಗ ತಿಳಿಯಿತು: ಗುರುತು ಬದಲಾಯಿಸಿದ ಮೇಲೆ ತಾಳೆಯ ಲೆಕ್ಕವನ್ನೂ ಹೊಸದಾಗಿ ಹಾಕಬೇಕು. ಇಲ್ಲದಿದ್ದರೆ ಫೈಲು ಬಿಚ್ಚುವ ಪ್ರೋಗ್ರಾಂ ಪುಟ ಕೆಟ್ಟಿದೆಯೆಂದು ಅದನ್ನು ತಳ್ಳಿಬಿಡುತ್ತದೆ. ಗಡಿಬಿಡಿಯಲ್ಲಿ ಅದನ್ನೇ ಮರೆತಿದ್ದೆ. ಲೆಕ್ಕ ಸರಿಮಾಡಿ, ಫೈಲನ್ನು ಬ್ರೌಸರಿನ ಮೇಲೆ ಹಾಕಿದೆ.

ಟಪ್ ಎಂದು ಒಂದು ಚಪ್ಪಾಳೆ.

"ಥೂ, ಸುಡುಗಾಡು ವಾಕ್ಯ. ಇದನ್ನ ಬರೆದವರು ಒಂದು ದಿನನಾದ್ರೂ ಬಾಯಿಬಿಟ್ಟು ಓದಿ ನೋಡಿದ್ದಾರಾ? ಮಾಸ್ತರೇ, ನಗಬೇಡಿ, ನೀವು ನಕ್ಕರೆ ನನಗೂ ನಗು ಬರುತ್ತೆ. ಹ್ಞಾಂ, ಮತ್ತೆ ಶುರು ಮಾಡ್ತೀನಿ." ಆಮೇಲೆ ಆ ನಗು. ಗಾಜಿನ ಲೋಟ ಸಾಲಾಗಿ ಬಿದ್ದ ಹಾಗೆ, ನಿಲ್ಲಿಸಲಾಗದ ನಗು.

ನಾನು ಅತ್ತೆ. ಗೊಳೋ ಎಂದು ಅತ್ತೆ, ಯಾಕೆ ಸುಳ್ಳು ಹೇಳಲಿ. ನಡುವೆ ಅಲ್ಲಲ್ಲಿ ಡಿಸ್ಕು ಹಾಳಾದ ಜಾಗ ಬರುತ್ತಿತ್ತು, ದನಿ ಚಕ್ಕನೆ ನಿಲ್ಲುತ್ತಿತ್ತು. ಅಯ್ಯೋ ಹೋಯಿತು ಎನ್ನುವಷ್ಟರಲ್ಲಿ ಮುಂದಿನ ಪುಟ ಹಿಡಿದುಕೊಂಡು ಮತ್ತೆ ಎದ್ದು ಬರುತ್ತಿತ್ತು. ಪ್ರತಿ ಸಲವೂ ನನಗೆ ಹೊಸದಾಗಿ ಬೆರಗಾಗುತ್ತಿತ್ತು.

ಚಿಕ್ಕಮ್ಮನಿಗೆ ಕೇಳಿಸಲು ಹೆದರಿಕೆಯಿತ್ತು. ಅವಳನ್ನು ನನ್ನ ಕೆಲಸದ ಕೋಣೆಗೇ ಕರೆಸಿಕೊಂಡೆ. ಸಿಪ್ಪೆಯ ವಿಷಯ ಹೇಳಿದಾಗ ಮೊದಲು ಸ್ಲೇಟಿನ ಮೇಲೆ 'ಕಳ್ಳ ಮುದುಕ' ಎಂದು ಬರೆದಳು. ಹೆಡ್‌ಫೋನು ಹಾಕಿದೆ. ಅವಳು ಗಂಟಲಿನ ಹತ್ತಿರ ಒಂದು ಕೈ ಇಟ್ಟುಕೊಂಡು, ನೆಲ ನೋಡುತ್ತಾ, ಅಲುಗಾಡದೆ ಕೇಳಿದಳು. ತುಂಬ ಹೊತ್ತಿನ ಮೇಲೆ ಹೆಡ್‌ಫೋನು ತೆಗೆದು, ಸ್ಲೇಟು ಎತ್ತಿಕೊಂಡು ಬರೆದಳು: 'ನಾನು ಇಷ್ಟು ಜೋರಾಗಿ ನಗ್ತಿದ್ನಾ?' ಹೂಂ ಎಂದೆ. ಅದನ್ನು ಒರೆಸಿ ಮತ್ತೆ ಬರೆದಳು: 'ಅವರಿಗ್ ಹೇಳ್ಬೇಡ. ಸರಿಯಾಗಿ ಬರದಿದ್ರೆ ತಡ್ಕೊಳ್ಳಲ್ಲ.'

ಡಾಕ್ಟರಮ್ಮ ಆ ಫೈಲನ್ನು ತೆಗೆದುಕೊಂಡು ಯಂತ್ರಕ್ಕೆ ದನಿ ಕಲಿಸಿದರು. ಕೆಲವು ವಾರ ಹಿಡಿಯಿತು. ಅಷ್ಟು ದಿನವೂ ಚಿಕ್ಕಪ್ಪನ ಮುಂದೆ ನಾವಿಬ್ಬರೂ ತುಟಿ ಬಿಚ್ಚಲಿಲ್ಲ. ಅವರು ಹಣೆಯ ಹೊಲಿಗೆ ಬಿಚ್ಚಿಸಿಕೊಂಡು ಬಂದು ಮತ್ತೆ ಕುರ್ಚಿ ಹಿಡಿದು ಕುಳಿತಿದ್ದರು. ಮನೆಯೊಳಗೆ ಓಡಾಡುವಾಗ ಮಾತ್ರ ಒಂದು ಕೈ ಮುಂದಕ್ಕೆ ಚಾಚಿಕೊಳ್ಳುತ್ತಿದ್ದರು. ಮೊದಲು ಆ ಮನೆಯಲ್ಲಿ ಅವರು ಹಾಗೆ ನಡೆದದ್ದೇ ಇಲ್ಲ.

ಟ್ಯಾಬ್ಲೆಟ್ ಸಿದ್ಧವಾಗಿ ಬಂದ ದಿನ ಚಿಕ್ಕಪ್ಪ ಹಜಾರದಲ್ಲಿ ನೆಲದ ಮೇಲೆ ಕುಳಿತು, ಕುರ್ಚಿಯೊಂದನ್ನು ಮಗುಚಿ ಹಾಕಿಕೊಂಡು ಬೆತ್ತ ಎಳೆಯುತ್ತಿದ್ದರು. ಚಿಕ್ಕಮ್ಮ ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತು ಟ್ಯಾಬ್ಲೆಟ್ಟನ್ನು ಮೊಣಕಾಲ ಮೇಲಿಟ್ಟುಕೊಂಡಳು. ಏನೋ ಟೈಪ್ ಮಾಡಿ ಅಳಿಸಿದಳು. ಇನ್ನೇನೋ ಟೈಪ್ ಮಾಡಿ ಅದನ್ನೂ ಅಳಿಸಿದಳು. ದೊಡ್ಡ ಮಾತೇನಾದರೂ ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ಅವಳು ತಲೆಯೆತ್ತಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿದಳು. ಹುಬ್ಬು ಗಂಟಾಯಿತು. ಸರಸರನೆ ಟೈಪ್ ಮಾಡಿ ಗುಂಡಿ ಒತ್ತಿದಳು.

"ರೀ, ಅದೇನ್ರೀ ಶರ್ಟು ಉಲ್ಟಾ ಹಾಕ್ಕೊಂಡು ಕೂತಿದ್ದೀರಿ?"

ಅವಳದೇ ದನಿ. ಲೇಖಕರನ್ನು ಬಯ್ಯುತ್ತಿದ್ದ, ಫ್ಯಾನನ್ನು ಬಯ್ಯುತ್ತಿದ್ದ, ನನ್ನನ್ನು ಗದರಿ ಗದರಿ ಬೆಳೆಸಿದ ಅದೇ ದನಿ.

ಎಳೆಯುತ್ತಿದ್ದ ಬೆತ್ತ ಚಿಕ್ಕಪ್ಪನ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅವರು ಕತ್ತನ್ನು ಒಂದು ಕಡೆಗೆ ವಾಲಿಸಿಕೊಂಡು ಹಾಗೇ ಕುಳಿತರು. ಯಾರು ಎಂದು ಕೇಳಲಿಲ್ಲ. ಹೇಗೆ ಎಂದೂ ಕೇಳಲಿಲ್ಲ. ಆಮೇಲೆ ಬಲಗೈ ಮೆಲ್ಲಗೆ ಮೇಲೆದ್ದು ಕೊರಳಪಟ್ಟಿಯನ್ನು ಮುಟ್ಟಿತು, ಅಲ್ಲಿಂದ ಭುಜಕ್ಕೆ ಬಂತು, ಭುಜದ ಹೊಲಿಗೆಯುದ್ದಕ್ಕೂ ಸರಿಯಿತು. ಹೆಣಿಗೆಯ ಅಡಿಯಲ್ಲಿ ಒಂದೆಳೆ ತಪ್ಪಿದ್ದರೂ ಮುಟ್ಟಿ ಹೇಳುವ ಬೆರಳುಗಳವು. ಹೊಲಿಗೆಯ ಅಂಚೆಲ್ಲ ಹೊರಗೇ ಇತ್ತು, ಕುತ್ತಿಗೆಯ ಹಿಂದೆ ಅಂಗಡಿಯ ಹೆಸರಿನ ಪಟ್ಟಿಯೂ ಎದ್ದು ನಿಂತಿತ್ತು. ಎಲ್ಲವನ್ನೂ ಅವರು ಮುಟ್ಟಿ ನೋಡಿದರು.

"ಉಲ್ಟಾ ಏನಿಲ್ಲ," ಎಂದರು. "ಸರಿಯಾಗೇ ಇದೆ. ನಿಂಗೇನು ಕಣ್ಣು ಕಾಣಲ್ವೇನೇ?"

ಚಿಕ್ಕಮ್ಮನ ಬೆರಳುಗಳು ಟ್ಯಾಬ್ಲೆಟ್ಟಿನ ಮೇಲೆ ಟಕಟಕ ಬಡಿದವು. "ಹೊಲಿಗೆ ಎಲ್ಲ ಹೊರಗೆ ಬಂದಿದೆ, ಪಟ್ಟಿ ನೇತಾಡ್ತಾ ಇದೆ, ಮತ್ತೆ ಸರಿಯಾಗಿದೆಯಂತೆ! ಕೈಯಿಂದ ಮುಟ್ಟಿ ನೋಡ್ಕೊಳ್ಳಿ!"

"ನೋಡ್ದೆ. ಎಲ್ಲೂ ಇಲ್ಲ," ಎಂದರು ಚಿಕ್ಕಪ್ಪ. ಹೊಲಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು, ಕಣ್ಣೀರು ಗಲ್ಲದಿಂದ ಇಳಿದು ಆ ಉಲ್ಟಾ ಶರ್ಟಿನ ಮೇಲೆ ಬೀಳುತ್ತಿತ್ತು. "ಎಲ್ಲಿ ಬಂದಿದೆ? ಸರಿಯಾಗಿ ಹೇಳು. ಮೊದಲಿಂದ ಹೇಳು."

ಚಿಕ್ಕಮ್ಮ ಸ್ಟೂಲು ಎಳೆದುಕೊಂಡು ಅವರ ಹತ್ತಿರ ಹೋಗಿ ಕುಳಿತು, ಮತ್ತೆ ಟೈಪ್ ಮಾಡತೊಡಗಿದಳು.